ಐದು ಸಿಡಿ, ಒಂದು ಗ್ರಂಥ

ಓಲೆಗರಿಯ ಗ್ರಂಥವನ್ನು ಸ್ಕ್ಯಾನ್ ಮಾಡಿ ಸಿಡಿಗೆ ಇಳಿಸಿದಾಗ ಸಿಗುವುದು ಅದೇ ಗ್ರಂಥವೋ, ಅದರಂಥ ಇನ್ನೊಂದೋ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಓಲೆಗರಿಯ ಹಸ್ತಪ್ರತಿಗಳಿವೆ. ಶಬ್ದ ನಿತ್ಯವೇ ಎಂಬ ಚರ್ಚೆಗೆ ಉತ್ತರ ಕೊಟ್ಟ ರಾಮಾನುಜರು ನೆಲೆಸಿದ್ದ ಊರೂ ಅದೇ.

ಓಲೆಯ ಮೇಲೆ ಕಂಟದ ಮೊನೆಯಿಂದ ಕೊರೆದ ಗೆರೆ ಮೊದಲು ಕಣ್ಣಿಗೆ ಹತ್ತುವುದಿಲ್ಲ. ಮಸಿ ಸವರಿ ಒರೆಸಿದ ಮೇಲೆ ಅಕ್ಷರ ಕಪ್ಪಗೆ ಮೂಡುತ್ತದೆ. ಸಿಡಿಯಲ್ಲಿ ಲೇಸರ್ ಕಿರಣ ಬಣ್ಣದ ಪದರವನ್ನು ಸುಟ್ಟು ಗುರುತು ಮಾಡುತ್ತದೆ. ಎರಡೂ ಕಡೆ ಇರುವುದು ಗುರುತು, ಮಾತಲ್ಲ.

ಸಿಡಿ ಡ್ರೈವ್ ಮಾತ್ರ ಇರುವ ಹಳೆಯ ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದ ಗ್ರಂಥದ 3 ಜಿಬಿಯ ಫೈಲ್ ಸಾಗಿಸಬೇಕೆಂದುಕೊಳ್ಳೋಣ. ಒಂದು ಸಿಡಿ ಹಿಡಿಯುವುದು 700 ಎಂಬಿ. ಫೈಲನ್ನು ಐದು ತುಂಡು ಮಾಡಿ, ಐದು ಸಿಡಿಗೆ ಬರೆದು, ಆ ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಬೇಕು. ಎರಡನೆಯ ತುಂಡು ಮೂರನೆಯದರ ನಂತರ ಸೇರಿದರೆ ಒಂದು ಬಿಟ್ ಕೂಡ ಕಳೆದಿರುವುದಿಲ್ಲ, ಆದರೂ ಗ್ರಂಥ ತೆರೆಯುವುದಿಲ್ಲ. ‘ರಸ’ ಮತ್ತು ‘ಸರ’ ಎಂಬಲ್ಲಿ ಅಕ್ಷರಗಳು ಅವೇ, ಪದ ಬೇರೆ. ಶಾಸ್ತ್ರಕಾರರಿಗೆ ಪ್ರಿಯವಾದ ಉದಾಹರಣೆಯಿದು.

ಶಬ್ದ ನಿತ್ಯವೇ ಎಂಬ ಚರ್ಚೆಯಲ್ಲಿ ನ್ಯಾಯದರ್ಶನದವರಾದ ನೈಯಾಯಿಕರ ಪ್ರಕಾರ ಶಬ್ದ ಹುಟ್ಟಿ ಅಳಿಯುತ್ತದೆ. ಹಾಗಾದರೆ ಪ್ರತಿ ನಕಲೂ ಹೊಸದು. ಮೀಮಾಂಸಕರಿಗೆ ಶಬ್ದ ನಿತ್ಯ. ಉಚ್ಚಾರಣೆ ಅದನ್ನು ಪ್ರಕಟಿಸುತ್ತದೆ, ಅಷ್ಟೆ. ರಾಮಾನುಜರು ವೇದದ ನಿತ್ಯತೆಯನ್ನು ಆನುಪೂರ್ವಿಯಲ್ಲಿ, ಅಂದರೆ ಅಕ್ಷರಗಳ ಹಿಂದುಮುಂದಿನ ಕ್ರಮದಲ್ಲಿ ಕಂಡರು. ಪ್ರತಿ ಸೃಷ್ಟಿಯಲ್ಲೂ ಈಶ್ವರನು ಹಿಂದಿನ ಕ್ರಮವನ್ನೇ ಸ್ಮರಿಸಿ ಉಪದೇಶಿಸುತ್ತಾನೆ. ವೇದಕ್ಕೆಂದೇ ಹೇಳಿದ ಈ ಮಾತು ನಕಲಾದ ಎಲ್ಲ ಗ್ರಂಥಕ್ಕೂ ಸಲ್ಲುವಂಥದು: ಕ್ರಮ ಉಳಿದರೆ ಗ್ರಂಥ ಅದೇ.

ಕ್ರಮವನ್ನು ಕಾಯಲೆಂದೇ ವೇದಪಾಠಕರು ಜಟಾ, ಘನ ಪಾಠಗಳಲ್ಲಿ ಪದಗಳನ್ನು ಹಿಂದೆಮುಂದೆ ಹೆಣೆದು ಹೇಳುತ್ತಾರೆ. ಒಂದು ಪದ ಜಾರಿದರೂ ಹೆಣಿಗೆ ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಆ ಕೆಲಸ ಚೆಕ್‌ಸಮ್‌ನದು. ಇಡೀ ಫೈಲಿನಿಂದ ಲೆಕ್ಕಹಾಕಿದ ಒಂದು ಸಂಖ್ಯೆ ಎರಡೂ ಕಂಪ್ಯೂಟರುಗಳಲ್ಲಿ ಒಂದೇ ಬಂದರೆ ಜೋಡಣೆ ಸರಿಯಾಗಿದೆ ಎಂದರ್ಥ. ಅರ್ಥದ ಗೊಡವೆ ಅದಕ್ಕಿಲ್ಲ. ಲಿಪಿಕಾರ ತಪ್ಪಿ ಬರೆದ ಅಕ್ಷರವೂ ಅಷ್ಟೇ ನಿಷ್ಠೆಯಿಂದ ಸಾಗಿಬರುತ್ತದೆ.

ಓಲೆಯಲ್ಲಿ ಗ್ರಂಥವಲ್ಲದೆ ಬರೆದ ಕೈಯ ಗುರುತೂ ಇರುತ್ತದೆ, ಸಿಡಿಯ ಬಣ್ಣವಾದರೋ ಬಿಸಿಲಿಗೆ ಕೆಡುತ್ತದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಮನೆಗಳಲ್ಲಿ ಓಲೆಕಟ್ಟುಗಳಿದ್ದರೆ, ಸ್ಕ್ಯಾನ್ ಆಯಿತಲ್ಲ ಎಂದು ಅವನ್ನು ಹೊಳೆಗೆ ಬಿಡಬಾರದು.