ಖಾಲಿ ಗೂಡು ಯಾರ ಲೆಕ್ಕಕ್ಕೆ?

ಲೂಕನ ಸುವಾರ್ತೆ 13ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಅಲ್ಲಿಗೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ಒಂದು ಸಾಕ್ಷಿ ಹೇಳಬೇಕು. ಇದು ಜಯದ ಸಾಕ್ಷಿ ಅಲ್ಲ. ಕೋಳಿಗಳ ವಿಷಯ. ನಗಬೇಡಿ.

ನಮ್ಮೂರು ಶಿಕಾರಿಪುರ, ಸೊರಬ ಸೀಮೆಯ ಅಂಬ್ಲಿಗೊಳ. ಅಮ್ಮ ಅಲ್ಲೇ ಇದ್ದಾಳೆ. ನಿಮ್ಮಲ್ಲಿ ಬಹಳ ಜನಕ್ಕೆ ಕೋಳಿ ಅಂದ್ರೆ ಮೊಬೈಲಲ್ಲಿ ಆರ್ಡರ್ ಮಾಡಿದ್ರೆ ಬರೋ ಪ್ಯಾಕೆಟ್. ಅಮ್ಮನಿಗೆ ಹಾಗಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯೋದೇ ಅವಳ ಮೊದಲ ಕೆಲಸ. ಮೊಟ್ಟೆ ಮಾರಿದ ದುಡ್ಡಲ್ಲೇ ಸಭೆಯ ಕಾಣಿಕೆ, ಮೊಮ್ಮಕ್ಕಳ ಬಿಸ್ಕತ್ತು ಎಲ್ಲ.

ಆ ಡಿಸೆಂಬರಿನಲ್ಲಿ ಕ್ರಿಸ್ಮಸ್‌ಗೆ ಊರಿಗೆ ಹೋದಾಗ ಬಚ್ಚಲುಮನೆ ಮೂಲೆಯಲ್ಲಿ ಒಂದು ಮಂಕರಿ ಬೋರಲು ಹಾಕಿತ್ತು. ಒಳಗೆ ಒಂದು ಕೆಂಪು ಹ್ಯಾಟೆ. ನಾಯಿ ಹಿಡಿದು ಬೆನ್ನಿನ ಚರ್ಮ ಕಿತ್ತುಹಾಕಿತ್ತು. ಅಮ್ಮ ದಿನಾ ನೀರು ಕುದಿಸಿ, ಆರಿಸಿ, ಉಪ್ಪು ಹಾಕಿ ಗಾಯ ತೊಳೀತಿದ್ಳು. ನೊಣ ಕೂತು ಹುಳ ಆಗಬಾರದು ಅಂತ ಬಟ್ಟೆ ಮುಚ್ಚಿಡ್ತಿದ್ಳು. ಅನ್ನದ ಗಂಜಿಯನ್ನ ಬೆರಳ ತುದಿಯಿಂದ ಕೊಕ್ಕಿಗೆ ತಾಗಿಸ್ತಿದ್ಳು.

"ಹೊರಗೆ ಬಿಟ್ರೆ ಆಗಲ್ವಾ?" ಅಂದೆ.

"ಬಿಟ್ರೆ ಮಿಕ್ಕಿದ್ವು ಸುಮ್ನಿರ್ತಾವಾ? ರಕ್ತದ ಕೆಂಪು ಕಂಡ್ರೆ ಅಲ್ಲೇ ಕುಕ್ತಾವೆ. ತನ್ನ ಗುಂಪೇ ಕುಕ್ಕಿ ಕೊಲ್ಲುತ್ತೆ" ಅಂದಳು.

ಈ ಮಾತನ್ನ ನೆನಪಿಟ್ಟುಕೊಳ್ಳಿ.

ನಾನು ಬರಿಗೈಲಿ ಹೋಗಿರಲಿಲ್ಲ. ದಾರಿಯಲ್ಲಿ ಸಂತೆಯಿಂದ ಎರಡು ಕೋಳಿ ತಂದಿದ್ದೆ, ಅಮ್ಮನಿಗೆ ಉಡುಗೊರೆ. ಅಮ್ಮ ನೋಡಿದವಳೇ, "ತಮ್ಮಾ, ಎರಡು ವಾರ ಇವನ್ನ ದೂರ ಕಟ್ಟು. ಎಲ್ಲಿಂದ ಬಂದಾವೋ ಏನೋ" ಅಂದಳು. ನಾನು ಹೇಳಿದ್ದು ಇವತ್ತಿಗೂ ನನಗೆ ಕೇಳಿಸುತ್ತೆ: "ಏನೂ ಆಗಲ್ಲ ಅಮ್ಮಾ, ಪ್ರಾರ್ಥನೆ ಮಾಡೇ ತಂದಿದೀನಿ." ಆ ಸಂಜೆ ಅವೂ ಅದೇ ಗೂಡು ಸೇರಿದವು. ಅಮ್ಮನ 19, ನನ್ನ 2, ಒಟ್ಟು 21.

ಐದನೇ ದಿನ ಒಂದು ಕೋಳಿ ರೆಕ್ಕೆ ಜೋತುಬಿಟ್ಟು ನಿಂತಿತು. ಆಮೇಲೆ ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ. ಕೆಲವು ಕತ್ತು ತಿರುಚಿಕೊಂಡು ಸುತ್ತುತ್ತಿದ್ದವು, ಎದುರಿಗಿದ್ದ ನೀರು ಕುಡಿಯಕ್ಕೂ ಆಗ್ತಿರಲಿಲ್ಲ. ಊರಲ್ಲಿ ಇದಕ್ಕೆ ಕೊಕ್ಕರೆ ರೋಗ ಅಂತಾರೆ. ಪುಸ್ತಕದಲ್ಲಿ ರಾಣಿಖೇತ್ ಅಂತ, ಉತ್ತರಾಖಂಡದ ಊರಿನ ಹೆಸರು. ಇಂಗ್ಲೆಂಡಿನಲ್ಲಿ 1926ರಲ್ಲಿ ನ್ಯೂಕ್ಯಾಸಲ್ ಹತ್ತಿರ ಕಂಡದ್ದೂ ಇದೇ ರೋಗ. ವೈರಸ್ಸಿಂದ ಬರೋದು, ಬಂದ ಮೇಲೆ ಔಷಧ ಇಲ್ಲ. ಬರೋ ಮುಂಚೆ ಲಸಿಕೆ ಇದೆ.

ನಾನು ಗೂಡಿನ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ಗದರಿಸಿದೆ, ಅತ್ತೆ. ಹೊಸ ವರ್ಷದ ಆರಾಧನೆಯ ಹೊತ್ತಿಗೆ ಉಳಿದದ್ದು 4. ಮಿಕ್ಕ 17ನ್ನ ಹಿತ್ತಲಲ್ಲಿ ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂತೆ. ಅಮ್ಮ ಖಾಲಿ ಗೂಡಿನ ಬಾಗಿಲು ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋಗಿ ನಮಗೆ ಅಭ್ಯಾಸ ಆಗಿರೋ ಮಾತು ಹೇಳಿದೆ: "ದೇವರ ಚಿತ್ತ ಅಮ್ಮಾ."

ಅವಳು ತಿರುಗಿ ನೋಡಿದಳು. ಕೂಗಾಡಲಿಲ್ಲ. "ತಂದಿದ್ದು ನೀನು. ಬೇಡ ಅಂದ್ರೂ ಗೂಡಿಗೆ ಬಿಟ್ಟಿದ್ದು ನೀನು. ದೇವರ ಹೆಸರು ಯಾಕೆ ಹೇಳ್ತೀಯ?"

ಪ್ರಿಯರೇ, ಎಷ್ಟೋ ಪ್ರಸಂಗ ಕೇಳಿದೀನಿ, ಮಾಡಿದೀನಿ. ಇಷ್ಟು ನೇರವಾಗಿ ಯಾವ ವಾಕ್ಯವೂ ನನಗೆ ನಾಟಿರಲಿಲ್ಲ. ನನ್ನ ಉದಾಸೀನವನ್ನ ನಾನು ದೇವರ ಲೆಕ್ಕಕ್ಕೆ ಬರೆದಿದ್ದೆ. ಅದನ್ನ ವಿಶ್ವಾಸ ಅಂತಲೂ ಕರೆದಿದ್ದೆ.

ಈಗ ಪ್ರಶ್ನೆ ಇದು: ನಷ್ಟ ಆದಾಗ ಅದನ್ನ ಯಾರ ಲೆಕ್ಕಕ್ಕೆ ಬರೀಬೇಕು? ಕೋಳಿಗೆ ಮಾತ್ರ ಅಲ್ಲ ಈ ಪ್ರಶ್ನೆ. ಕೆಲಸ ಹೋದಾಗ, ಪರೀಕ್ಷೆ ಕೆಟ್ಟಾಗ, ಸಂಬಂಧ ಮುರಿದಾಗ ನೀವೂ ಇದನ್ನೇ ಕೇಳ್ತೀರಿ.

ಲೂಕ 13ಕ್ಕೆ ಬನ್ನಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದಾರೆ. ಅವರು ಬೇರೆಯವರಿಗಿಂತ ಹೆಚ್ಚು ತಪ್ಪು ಮಾಡಿದ್ರಾ ಅಂತ ಯೇಸುಸ್ವಾಮಿ ತಾನೇ ಕೇಳಿ, ತಾನೇ ಇಲ್ಲ ಅಂತಾನೆ. ಆದರೆ ಅಷ್ಟಕ್ಕೆ ನಿಲ್ಲಿಸಲ್ಲ. ಕೇಳ್ತಾ ನಿಂತವರ ಕಡೆ ತಿರುಗಿ, ನೀವು ಮಾನಸಾಂತರಪಡಿ ಅಂತಾನೆ. ಸತ್ತವರ ಲೆಕ್ಕ ತೆಗೀಬೇಡ, ನಿನ್ನ ಲೆಕ್ಕ ನೋಡಿಕೋ ಅಂತ. ನಾವು ಇದನ್ನ ಸರಿಯಾಗಿ ಉಲ್ಟಾ ಮಾಡ್ತೀವಿ. ಬೇರೆಯವರ ನಷ್ಟದಲ್ಲಿ ಪಾಪ ಹುಡುಕ್ತೀವಿ, ನಮ್ಮ ತಪ್ಪಿಗೆ ದೇವರ ಚಿತ್ತ ಅಂತೀವಿ.

ತಪ್ಪೇ ಇಲ್ಲದ ನಷ್ಟವೂ ಇದೆ. 2012ರಲ್ಲಿ ಇಲ್ಲೇ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರಕ್ಕೆ ಹಕ್ಕಿಜ್ವರ ಬಂತು, ತಜ್ಞರೇ ಇರೋ ಜಾಗ ಅದು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಬಂದಾಗ ರೋಗ ಹರಡಬಾರದು ಅಂತ ಸುತ್ತಲ ಮನೆಗಳ ಕೋಳಿಗಳನ್ನೂ ಕೊಂದು ಹೂಳಬೇಕಾಯ್ತು. ಚೆನ್ನಾಗಿ ಸಾಕಿದವರ ಗೂಡೂ ಖಾಲಿ ಆಯ್ತು. ಆ ಮನೆಯ ತಾಯಿಗೆ ಹೋಗಿ "ನಿನ್ನನ್ನ ಪರೀಕ್ಷಿಸಿಕೋ ಅಮ್ಮಾ, ಎಲ್ಲೋ ಪ್ರಾರ್ಥನೆ ಕಡಿಮೆ ಆಗಿದೆ" ಅಂತ ಹೇಳ್ತೀರಾ? ಅದೇ ನಾನು ನೆನಪಿಟ್ಟುಕೊಳ್ಳಿ ಅಂದದ್ದು. ಗಾಯ ಕಂಡ ಕೂಡಲೇ ಕುಕ್ಕೋದು. ನಮ್ಮ ಸಭೆಯಲ್ಲೂ ಗಾಯಗೊಂಡವರು ಕೂತಿದ್ದಾರೆ. ಕೆಲವರಿಗೆ ಬೇಕಾಗಿರೋದು ಒಂದು ಮಂಕರಿಯಷ್ಟು ನೆರಳು, ಬೆರಳ ತುದಿಯಷ್ಟು ಗಂಜಿ. ನಾವು ಕೊಡೋದು ಬುದ್ಧಿಮಾತು.

ಹಾಗಾಗಿ ನಷ್ಟಕ್ಕೆ ಸರಿಯಾದ ಹೆಸರಿಡಿ. ನನ್ನ ಕೈ ಇಲ್ಲದ ನಷ್ಟಕ್ಕೆ ಅಳಬೇಕು. ಅಲ್ಲಿ ಅಪರಾಧ ಹುಡುಕಬಾರದು. ನನ್ನ ಕೈ ಇರೋ ನಷ್ಟಕ್ಕೆ ಅತ್ತರೆ ಮಾತ್ರ ಸಾಲದು, ಒಪ್ಪಿಕೊಳ್ಳಬೇಕು, ತಿದ್ದಿಕೊಳ್ಳಬೇಕು. ಎರಡೂ ಬೆರೆತಿದ್ರೆ? ಬಹಳ ಸಲ ಬೆರೆತೇ ಇರುತ್ತೆ. ಆಗ ನಿನ್ನ ಪಾಲಿನದನ್ನ ಮಾತ್ರ ಎತ್ತಿಕೋ.

"ಬರೀ ಕೋಳಿ ಅಲ್ವಾ ಬ್ರದರ್, ಕೊನೆಗೆ ತಿನ್ನೋದೇ ತಾನೇ?" ಅಂತ ಒಬ್ಬ ತಮ್ಮ ಕೇಳಿದ. ಹೌದು, ನಾವು ತಿಂತೀವಿ. ಆದರೆ ಜ್ಞಾನೋಕ್ತಿ 12:10ರಲ್ಲಿ ನೀತಿವಂತನ ಗುರುತು ಏನು? ತನ್ನ ಪ್ರಾಣಿಯ ಜೀವದ ಚಿಂತೆ ಮಾಡೋದು. ಸಾಕಿದ ಜೀವ ನಮ್ಮನ್ನ ನಂಬಿರುತ್ತೆ, ಸಂಜೆ ತಾನೇ ಬಂದು ಗೂಡು ಸೇರುತ್ತೆ. ನಾನು ಮೋಸ ಮಾಡಿದ್ದು ಆ ನಂಬಿಕೆಗೆ.

ಅಮ್ಮನ ಹತ್ತಿರ ಕ್ಷಮೆ ಕೇಳಿದೆ. "ಆಯ್ತು ಬಿಡು, ಗೂಡು ತೊಳಿ" ಅಂದಳು. ಅಷ್ಟೇ. ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟೆ. ಲಸಿಕೆ ವಿಚಾರಿಸಿದಾಗ ಇನ್ನೊಂದು ಪಾಠ ಕಲಿತೆ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗೋಷ್ಟು ಇರುತ್ತೆ. ಐಸ್‌ನಲ್ಲಿಟ್ಟು ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಿತ್ತಲಲ್ಲಿ ನಾಲ್ಕು ಕೋಳಿ ಇರೋರು ಒಬ್ಬರೇ ತಂದ್ರೆ ಮಿಕ್ಕಿದ್ದು ವ್ಯರ್ಥ. ಅದಕ್ಕೇ ಯಾರೂ ತರಲ್ಲ. ಅಮ್ಮ ಅಕ್ಕಪಕ್ಕದ ಮನೆಗಳಿಗೆ ಹೋಗಿ ಮಾತಾಡಿದಳು. ಮುಂದೆ ಮರಿ ತಂದಾಗ ಏಳು ದಿನದೊಳಗೆ ಕಣ್ಣಿಗೆ ಒಂದೊಂದು ಹನಿ, ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಸೂಜಿ, ಎಲ್ಲರ ಮನೆಗೂ ಒಟ್ಟಿಗೆ. ನೆರೆಯವನ ಕೋಳಿಯನ್ನ ನೋಡದೆ ನನ್ನ ಕೋಳಿ ಉಳಿಸೋಕೆ ಆಗಲ್ಲ.

ಉಳಿದ ನಾಲ್ಕರಲ್ಲಿ ಆ ಕೆಂಪು ಹ್ಯಾಟೆಯೂ ಒಂದು. ಮಂಕರಿಯ ಕೆಳಗೆ ಬೇರೆ ಇದ್ದದ್ದಕ್ಕೆ ಉಳೀತು ಅನ್ಸುತ್ತೆ. "ನೋಡಿ, ನಾಯಿ ಕಚ್ಚಿದ್ದೂ ಒಳ್ಳೇದಕ್ಕೇ" ಅಂತ ನಾನು ಹೇಳಲ್ಲ. ಹೂತ 17ರ ಮುಂದೆ ಆ ಮಾತು ಬರಲ್ಲ. ಅಮ್ಮ ಅದನ್ನ ನೋಡಿಕೊಂಡಳು, ಅದು ಉಳೀತು. ಸತ್ತಿದ್ರೂ ಅವಳು ನೋಡಿಕೊಂಡದ್ದು ವ್ಯರ್ಥ ಆಗ್ತಿರಲಿಲ್ಲ.

ಅದೇ 13ನೇ ಅಧ್ಯಾಯದ 34ನೇ ವಚನ ಮನೆಗೆ ಹೋಗಿ ಓದಿ. ಕರ್ತನು ತನ್ನನ್ನ ಮರಿಗಳನ್ನ ರೆಕ್ಕೆಯಡಿ ಸೇರಿಸಿಕೊಳ್ಳೋ ಕೋಳಿಗೆ ಹೋಲಿಸಿಕೊಂಡಿದ್ದಾನೆ. ಯೆರೂಸಲೇಮು ಒಪ್ಪಲಿಲ್ಲ. ಖಾಲಿ ರೆಕ್ಕೆಯ ನೋವು ನಮ್ಮ ಕರ್ತನಿಗೂ ಗೊತ್ತು.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ತಪ್ಪಿಗೆ ನಿನ್ನ ಹೆಸರು ಇಟ್ಟದ್ದನ್ನ ಕ್ಷಮಿಸು. ಗಾಯವಾದವರನ್ನ ಕುಕ್ಕದ ಹಾಗೆ ನಮ್ಮ ಬಾಯಿ ಕಾಯಿ. ನಮ್ಮ ಕೈಗೆ ಕೊಟ್ಟ ಸಣ್ಣ ಜೀವಗಳನ್ನ ನಾಳೆ ಬೆಳಿಗ್ಗೆ ನೋಡಿಕೊಳ್ಳೋ ಮನಸ್ಸು ಕೊಡು. ಆಮೆನ್.