ನದಿಗೆ ಕೊಟ್ಟ ದಾನ

ಹೊಟ್ಟೆಪಾಡಿಗಾಗಿ ಬಲೆ ಬೀಸುವವನ ಧರ್ಮಾಧರ್ಮಗಳನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ವಿಚಾರಮಾಡಿ ಒಂದು ನೆಲೆಗೆ ತಂದಿದ್ದಾರೆ. ಮಿಥಿಲೆಯಲ್ಲಿ ಮಾಂಸ ಮಾರುತ್ತ ಕುಳಿತಿದ್ದ ವ್ಯಾಧನೊಬ್ಬನು ತಪಸ್ವಿಯಾದ ಕೌಶಿಕನಿಗೆ ಧರ್ಮಬೋಧೆ ಮಾಡಿದನೆಂಬ ಮಹಾಭಾರತದ ಕಥೆಯನ್ನು ಆದರದಿಂದ ಕೇಳುತ್ತ ಬಂದಿರುವ ಸಮಾಜಕ್ಕೆ, ಬೆಸ್ತನ ಬಲೆಯನ್ನು ಕಂಡು ಮೂಗು ಮುರಿಯುವ ಅಧಿಕಾರವಿಲ್ಲ. ಆದರೆ ಹಸಿವೂ ಇಲ್ಲದೆ, ಮಾರಾಟದ ಉದ್ದೇಶವೂ ಇಲ್ಲದೆ, ಕೇವಲ ವಿನೋದಕ್ಕಾಗಿ ಹೊಳೆಯ ದಡದಲ್ಲಿ ಗಾಳ ಹಿಡಿದು ಕುಳಿತು, ಕಚ್ಚಿದ ಮೀನಿನೊಡನೆ ಗಂಟೆಗಟ್ಟಲೆ ಸೆಣಸಿ, ಅದನ್ನು ದಡಕ್ಕೆಳೆದು, ತೂಗಿ, ಮತ್ತೆ ನೀರಿಗೆ ಬಿಡುವವನ ವಿಷಯ ಹಾಗಲ್ಲ. ಅವನು ಆ ಮೀನಿನ ಶತ್ರುವೋ ಮಿತ್ರನೋ? ಅಂಥವರೇ ಹತ್ತಾರು ಮಂದಿ ಕೂಡಿ ಸಂಘ ಕಟ್ಟಿ, ತಮ್ಮ ವಿನೋದಕ್ಕೆ ಆಧಾರವಾದ ಮೀನಿನ ಸಂತತಿ ಅಳಿಯದಿರಲೆಂದು ಕಾವಲು ಹಾಕಿ, ಮರಿಗಳನ್ನು ತರಿಸಿ ನದಿಗೆ ಬಿಟ್ಟರೆ, ಆ ಕಾರ್ಯವು ದಯೆಯೆನಿಸುವುದೋ ಸ್ವಾರ್ಥದ ದೂರಾಲೋಚನೆ ಮಾತ್ರವೋ?

ಈ ವಿನೋದವನ್ನು ಪರದೇಶದವರು ನಮಗೆ ಹೊಸದಾಗಿ ಕಲಿಸಿದರೆಂದು ಭಾವಿಸುವವರುಂಟು. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ಆಹಾರವಿತ್ತು ಆಕರ್ಷಿಸಬೇಕು ಎಂಬುದನ್ನೆಲ್ಲ ಅವನು ಸಂಗೀತ, ಪಾಕ, ಗಜಶಾಸ್ತ್ರಗಳನ್ನು ವಿವರಿಸಿದ ಗಾಂಭೀರ್ಯದಿಂದಲೇ ವಿವರಿಸಿದ್ದಾನೆ. ಅವನಿಗಿಂತ ಸಾವಿರ ವರ್ಷಕ್ಕೂ ಹಿಂದೆ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ, ವರ್ಷದ ಕೆಲವು ನಿಯತ ದಿನಗಳಲ್ಲಿ ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು ಎಂದು ವಿಧಿಸಿದ್ದನು. ವಿನೋದ, ನಿಷೇಧ ಎರಡೂ ಹೀಗೆ ನಮ್ಮ ನೆಲದಲ್ಲಿಯೇ ಬೇರೂರಿದ್ದವು. ಇವೆರಡೂ ಒಬ್ಬನೇ ಮನುಷ್ಯನ ಎದೆಯಲ್ಲಿ ಒಂದುಗೂಡಿದುದು ಮಾತ್ರ ನಮ್ಮ ಕಾಲದ ಸಂಗತಿ.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಬಂಡೆಗಳ ನಡುವೆ ಒಮ್ಮೆ ಭೋರ್ಗರೆಯುತ್ತ, ಒಮ್ಮೆ ಆಳವಾದ ಮಡುಗಳಲ್ಲಿ ತಂಗುತ್ತ ಮೇಕೆದಾಟಿನ ಕಡೆಗೆ ಸಾಗುವ ಪ್ರದೇಶವು ಮಹಶೀರ್ ಮೀನಿನ ನೆಲೆವೀಡು. ತೀರದ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. ಅದರಲ್ಲಿಯೂ ಬೆನ್ನ ಮೇಲೆ ಡುಬ್ಬವುಳ್ಳ ಜಾತಿಯೊಂದು ಕಾವೇರಿಯ ಜಲಾನಯನದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ್ದು. ಅದು ಎಂಥ ದೈತ್ಯವಾಗಿ ಬೆಳೆಯುತ್ತಿತ್ತೆಂಬುದಕ್ಕೆ, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಮಿನ ಮೀನೇ ಸಾಕ್ಷಿ. ಆಮೇಲಿನ ಕಾಲದಲ್ಲಿ ತೋಟೆ ಸಿಡಿಸಿ, ವಿಷ ಬೆರೆಸಿ, ಮಡುವಿಗೆ ಮಡುವನ್ನೇ ಬರಿದುಮಾಡುವ ದುರಭ್ಯಾಸ ಹಬ್ಬಿತು. ಒಂದು ತೋಟೆಗೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಬೇಕಾದ ನಾಲ್ಕು ಮೀನಿಗಾಗಿ ಬೇಡವಾದ ನಾನೂರು ಮರಿ ಹೊಟ್ಟೆ ಮೇಲಾಗಿ ತೇಲುತ್ತವೆ.

ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಟ್ಟಿದ 1972ರಲ್ಲಿಯೇ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ವನ್ಯಜೀವಿ ಸಂಘವೂ ಹುಟ್ಟಿತು. ಅದರ ಸದಸ್ಯರಲ್ಲಿ ಬಹುಮಂದಿ ಗಾಳದ ವ್ಯಸನಿಗಳು. ಅದನ್ನವರು ಮುಚ್ಚಿಟ್ಟವರೂ ಅಲ್ಲ. ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲುಗಾರರನ್ನು ನಿಯಮಿಸಿದರು. ಕೊಡಗಿನಲ್ಲಿಯೂ ಅಂಥದೇ ಸಂಘವೊಂದು ವಾಲ್ನೂರಿನ ಬಳಿಯ ಹೊಳೆಯನ್ನು ನೋಡಿಕೊಳ್ಳತೊಡಗಿತು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳೆದ್ದವು; ರಾಗಿಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಕಾಯುವುದು, ಬಿದ್ದ ಮೀನನ್ನು ತಪ್ಪದೆ ಬಿಟ್ಟುಬಿಡುವುದು, ಇದು ಅಲ್ಲಿಯ ನೇಮ. ಹಿಂದೆ ತೋಟೆ ಸಿಡಿಸುತ್ತಿದ್ದ ಕೈಗಳಿಗೇ ಹರಿಗೋಲಿನ ಹುಟ್ಟನ್ನೂ ಕಾವಲಿನ ಕೋಲನ್ನೂ ಕೊಟ್ಟು ಸಂಬಳಕ್ಕೆ ನಿಲ್ಲಿಸಿದ್ದು ಇಡೀ ಏರ್ಪಾಟಿನಲ್ಲಿಯೇ ಅತ್ಯಂತ ವಿವೇಕದ ಕೆಲಸವೆಂದು ನನ್ನ ಭಾವನೆ.

ಇದರ ಪಕ್ಕದಲ್ಲಿ ನಮ್ಮ ದೇವಸ್ಥಾನಗಳ ಮತ್ಸ್ಯತೀರ್ಥಗಳನ್ನಿಟ್ಟು ನೋಡಬೇಕು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ, ಸೋಪಾನದ ಕೆಳಗೆ ತಾಂಡವವಾಡುವ ಮೀನುಗಳಿಗೆ ಯಾತ್ರಿಕರು ಅಕ್ಕಿ, ಪುರಿ ಎರಚುತ್ತಾರೆ. ಅವುಗಳ ಮೇಲೆ ಕೈಯೆತ್ತುವುದು ದೇವರ ಮೇಲೆ ಕೈಯೆತ್ತಿದಂತೆ. ಭಕ್ತಿಯು ಇಷ್ಟು ಕಾಲ ಇಷ್ಟು ಜೀವಗಳನ್ನು ಉಳಿಸಿದ್ದು ಸಾಮಾನ್ಯವಲ್ಲ. ಆದರೆ ಆ ಭಕ್ತಿಗೆ ಒಂದು ಮೇರೆಯುಂಟು. ಸೋಪಾನದಿಂದ ಕೂಗಳತೆ ದೂರ ಹೋದರೆ ದೇವರ ಮೀನು ಬರಿಯ ಮೀನಾಗುತ್ತದೆ. ಮೇಲಣಿಂದ ಹರಿದುಬರುವ ನೀರು ಏನನ್ನು ಹೊತ್ತು ತರುತ್ತಿದೆಯೆಂದು ಪುರಿ ಎರಚುವವನು ವಿಚಾರಿಸುವುದಿಲ್ಲ. 1996ರಲ್ಲಿ ಯಾರೋ ದುರುಳರು ಶಿಶಿಲದ ನೀರಿಗೆ ವಿಷವಿಕ್ಕಿ ಮೀನುಗಳ ರಾಶಿಯನ್ನೇ ಕೊಂದರು; ಊರವರು ದುಃಖಪಟ್ಟು ಅವುಗಳಿಗೊಂದು ಸ್ಮಾರಕ ಕಟ್ಟಿಸಿದರು. ಭಕ್ತನು ಮೀನನ್ನು ಪೂಜಿಸುತ್ತಾನೆ, ನೋಯಿಸುವುದಿಲ್ಲ. ಗಾಳದವನು ನೋಯಿಸುತ್ತಾನೆ, ಆದರೆ ನೀರು ಎಷ್ಟು ಇಳಿಯಿತು, ಮರಳು ಎಲ್ಲಿ ಹೋಯಿತು, ರಾತ್ರಿ ಯಾವ ಮಡುವಿನಲ್ಲಿ ತೋಟೆಯ ಸದ್ದಾಯಿತು ಎಂಬುದನ್ನು ಬಲ್ಲವನೂ ಅವನೇ.

ಹಾಗೆಂದು ನೋವಿನ ಲೆಕ್ಕವನ್ನು ಚುಕ್ತಾ ಮಾಡಿಬಿಡಲಾಗದು. ತುಟಿಯನ್ನು ಭೇದಿಸಿದ ಕೊಕ್ಕೆಯನ್ನು ಬಿಡಿಸಿದ ಮಾತ್ರಕ್ಕೆ ಭೇದಿಸಿದ ಕ್ರಿಯೆ ಇಲ್ಲದಂತಾಗುವುದಿಲ್ಲ. ಉಸಿರಿಗಾಗಿ ಕಿವಿರು ಬಡಿಯುವ ಜೀವವನ್ನು ಎತ್ತಿಹಿಡಿದು ಭಾವಚಿತ್ರ ತೆಗೆಸಿಕೊಳ್ಳುವವನು ಅಹಿಂಸಾವ್ರತಿಯೆಂದರೆ ಶ್ರವಣಬೆಳ್ಗೊಳದ ಬೆಟ್ಟದ ಮೇಲೆ ಸಲ್ಲೇಖನವಿಡಿದ ಮುನಿಗಳ ನಾಡಿನಲ್ಲಿ ಯಾರೂ ನಂಬಲಾರರು. ಅದು ಹಿಂಸೆಯೇ, ಅಳತೆಯುಳ್ಳ, ಹಿಂದಿರುಗಬಲ್ಲ ಹಿಂಸೆ. ಅದನ್ನು ಒಪ್ಪಿಕೊಂಡು ಮುಂದೆ ನಡೆಯುವ ಗಾಳಗಾರನೊಡನೆ ಮಾತು ಬೆಳೆಸಬಹುದು. ಪುಣ್ಯವೆಂದು ಸಾಧಿಸುವವನೊಡನೆ ಕಷ್ಟ.

ಆದರೆ ಈ ಸಂಘಗಳ ಚರಿತ್ರೆಯಲ್ಲಿ ಧರ್ಮಜಿಜ್ಞಾಸೆಗೆ ನಿಜವಾದ ಎಡೆಯಿರುವುದು ಗಾಳದಲ್ಲಲ್ಲ, ಅವರ ನಿಸ್ಸಂದೇಹವಾದ ಸತ್ಕಾರ್ಯದಲ್ಲಿ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ತಮ್ಮ ಸರೋವರಗಳ ಮಗ್ಗುಲಲ್ಲಿ ಮಹಶೀರ್ ಸಂತಾನಾಭಿವೃದ್ಧಿಯ ಕೇಂದ್ರವೊಂದನ್ನು ನಡೆಸುತ್ತ, ತಾಯಿಮೀನಿನಿಂದ ತತ್ತಿ ತೆಗೆದು, ತಟ್ಟೆಗಳಲ್ಲಿ ಮರಿಮಾಡಿ, ಕೊಳಗಳಲ್ಲಿ ಬೆಳೆಸಿ, ಬೇಡಿದ ರಾಜ್ಯಗಳಿಗೂ ಸಂಘಗಳಿಗೂ ಹಂಚುತ್ತಿದ್ದರು. ಶತಪಥ ಬ್ರಾಹ್ಮಣದಲ್ಲಿ, ದೊಡ್ಡ ಮೀನುಗಳ ಬಾಯಿಂದ ತನ್ನನ್ನು ಕಾಪಾಡೆಂದು ಬೇಡಿದ ಪುಟ್ಟ ಮೀನನ್ನು ಮನುವು ಮೊದಲು ಕೊಡದಲ್ಲಿ, ಅನಂತರ ಗುಂಡಿಯಲ್ಲಿ, ಕೊನೆಗೆ ಸಮುದ್ರದಲ್ಲಿ ಇರಿಸಿದನೆಂದಿದೆಯಷ್ಟೆ. ಲೋಣಾವಳದ ವಿಧಾನದಲ್ಲಿಯೂ ಹೆಚ್ಚುಕಡಮೆ ಅದೇ ಸೋಪಾನಕ್ರಮ. ಆ ಮರಿಗಳು 1970ರ ದಶಕದಿಂದ ಕಾವೇರಿಗೂ ಬಂದವು. ಬರಿದಾಗುತ್ತಿದ್ದ ನದಿಯನ್ನು ತುಂಬಿಸುವ ಆ ದಾನದಲ್ಲಿ ಕಪಟವಿರಲಿಲ್ಲ. ಮರಿ ಬಿಟ್ಟವರಿಗೆ ನಾವೂ ಅಂದು ಕೈಮುಗಿಯುತ್ತಿದ್ದೆವು.

ಬಂದ ಮರಿಗಳು ನೀಲಿರೆಕ್ಕೆಯ ಮಹಶೀರಿನವು. ಕರ್ನಲ್ ಸೈಕ್ಸ್ 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯ ಮೀನನ್ನು ವರ್ಣಿಸಿ ಹೆಸರಿಟ್ಟ, ವಿಜ್ಞಾನಿಗಳು ಟಾರ್ ಖುದ್ರೀ ಎಂದು ಕರೆಯುವ ಜಾತಿ ಅದು. ಎಂದರೆ ಕೃಷ್ಣೆಯ ಕಡೆಯ ನೀರಿನದು, ಡುಬ್ಬದ ಬಿಳಿಮೀನಿನ ದಾಯಾದಿ. ಕಾವೇರಿಯಲ್ಲಿ ಅದು ಚೆನ್ನಾಗಿ ಹೊಂದಿಕೊಂಡಿತು. ಗಾಳಕ್ಕೆ ಬೀಳುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು, ಸಂಘದವರು ಹರ್ಷಿಸಿದರು. ಹರ್ಷಿಸದೆ ಇನ್ನೇನು? ಕಾವಲಿಟ್ಟದ್ದೂ ಫಲಿಸಿತು, ಬಿತ್ತಿದ್ದೂ ಫಲಿಸಿತು ಎಂದು ಯಾರಿಗಾದರೂ ತೋರುವಂತಿತ್ತು. ಆ ಏರುತ್ತಿದ್ದ ಸಂಖ್ಯೆಯ ಮರೆಯಲ್ಲಿ ನದಿಯ ಸ್ವಂತ ಮೀನು ಸದ್ದಿಲ್ಲದೆ ತೆರಳುತ್ತಿತ್ತು. ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಪುಸ್ತಕಗಳನ್ನು, 23,000 ಗಂಟೆಗೂ ಮಿಕ್ಕ ಪರಿಶ್ರಮದಲ್ಲಿ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು, ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಕಂಡದ್ದು ಇದು: ಮೀನು ಹೆಚ್ಚಿದೆ, ಆದರೆ ಹೆಚ್ಚಿದ್ದು ನೀಲಿರೆಕ್ಕೆಯದು, ಡುಬ್ಬದ ಮೀನಿನ ಎಳೆಯ ಪೀಳಿಗೆ ಕಾಣೆಯಾಗಿದೆ. ಅಣೆಕಟ್ಟುಗಳು, ಮರಳಿನ ಲೂಟಿ, ತೋಟೆ, ಇವುಗಳ ಪಾಲನ್ನು ಕಳೆದು ದೋಷವನ್ನೆಲ್ಲ ಹೊಸಬನ ಮೇಲೆ ಹೊರಿಸುವುದು ನ್ಯಾಯವಲ್ಲವಾದರೂ, ಹೊಸಬನಿಗೆ ಪಾಲಿಲ್ಲವೆನ್ನುವಂತೆಯೂ ಇಲ್ಲ. ಇನ್ನೊಂದು ವಿಚಿತ್ರವೆಂದರೆ, ಜಗತ್ತಿನ ಗಾಳಗಾರರೆಲ್ಲ ಬಲ್ಲ ಆ ದೈತ್ಯಮೀನಿಗೆ ಶಾಸ್ತ್ರೀಯವಾಗಿ ನಿಶ್ಚಿತವಾದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರಿನಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮದೇವಿಯೈ ಎಂಬುದೇ ಇದು ಎಂದು 2018ರಲ್ಲಿ ನಿರ್ಣಯವಾಯಿತು. ಹೆಸರು ಸಿಕ್ಕಿದ್ದೇ ತಡ, ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದು ಸೇರಿತು.

ಇಲ್ಲಿ ಪಾಪ ಯಾರದು? ಕರ್ಮವೆಂದರೆ ಚೇತನೆ, ಎಂದರೆ ಸಂಕಲ್ಪ, ಎಂಬುದು ಬೌದ್ಧರ ಮತ. ಆ ಮತದಲ್ಲಿ ಮರಿ ಬಿಟ್ಟವರು ನಿರ್ದೋಷಿಗಳು. ಹಿಂಸೆಯ ಲಕ್ಷಣದಲ್ಲಿ ಪ್ರಮಾದವೆಂಬ ಮಾತನ್ನೇ ಸೇರಿಸಿದ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಇಷ್ಟು ಸುಲಭವಾಗಿ ಬಿಡುವುದಿಲ್ಲ: ಎಚ್ಚರವಿಲ್ಲದೆ ಹೆಜ್ಜೆಯಿಟ್ಟವನು, ದ್ವೇಷವಿಲ್ಲದಿದ್ದರೂ, ಪ್ರಶ್ನೆಗೆ ಗುರಿಯಾಗಲೇಬೇಕು. ನನಗೆ ಇವೆರಡಕ್ಕಿಂತ ಗೀತೆಯ ದಾನವಿವೇಕ ಈ ಪ್ರಸಂಗಕ್ಕೆ ಹತ್ತಿರವಾಗಿ ತೋರುತ್ತದೆ. ಫಲಾಪೇಕ್ಷೆಯಿಲ್ಲದ ದಾನಕ್ಕೂ ದೇಶ, ಕಾಲ, ಪಾತ್ರಗಳ ಅರಿವು ಬೇಕೆಂದು ಅಲ್ಲಿ ಹೇಳಿದೆ. ಸಾಮಾನ್ಯವಾಗಿ ಇದನ್ನು ನಾವು ಪುಣ್ಯಕ್ಷೇತ್ರ, ಪರ್ವಕಾಲ, ಯೋಗ್ಯಬ್ರಾಹ್ಮಣ ಎಂದು ಅರ್ಥಮಾಡಿ ಮುಗಿಸುತ್ತೇವೆ. ಕೊಡುವವನ ಹೃದಯ ಎಷ್ಟೇ ಶುದ್ಧವಾಗಿರಲಿ, ಕೊಳ್ಳುವವನು ಯಾರು, ಅವನ ಮನೆಯಲ್ಲಿ ಈಗಾಗಲೇ ಯಾರಿದ್ದಾರೆ ಎಂಬುದನ್ನು ತಿಳಿಯದೆ ಕೊಟ್ಟದ್ದು ಉಪಕಾರವಾಗಲಾರದು ಎಂಬ ಕಠಿಣವಾದ ಲೋಕಾನುಭವವೂ ಅದರಲ್ಲಿದೆ. ಸಂತಾನವಿಲ್ಲವೆಂದು ಕೊರಗುವ ಮನೆಗೆ ಮಗುವನ್ನು ತಂದುಕೊಟ್ಟ ಹಿತೈಷಿಯು, ಒಳಗಿನ ತೊಟ್ಟಿಲಲ್ಲಿ ಬಡವಾಗಿ ಮಲಗಿದ್ದ ಕೂಸನ್ನು ನೋಡದೆ ಹೋದಂತಾಯಿತು ಇದು. ಸಂಘದವರು ಪ್ರೀತಿಸಿದ್ದು ಮಹಶೀರನ್ನು, ಒಂದು ಸಾಮಾನ್ಯವನ್ನು. ನದಿಯಲ್ಲಿದ್ದುದು ಮಾತ್ರ ಒಂದು ವಿಶೇಷ. ಸರ್ವಭೂತದಯೆಯ ಮಾತಾಡುವವರೆಲ್ಲರಿಗೂ ಈ ಅಪಾಯ ತಪ್ಪಿದ್ದಲ್ಲ. ಹೀಗೆ ನೋಡಿದರೆ ಪುರಿ ಎರಚುವ ಯಾತ್ರಿಕನೂ ಗಾಳದ ಗೃಹಸ್ಥನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ದಾನ ಮಾಡಿದ ಕೈಗಳೇ ತಮ್ಮ ವಿರುದ್ಧ ಸಾಕ್ಷ್ಯವನ್ನೂ ಬರೆದಿಟ್ಟವು. ದಿನಾಂಕ, ಗಂಟೆ, ತೂಕ, ಮೀನಿನ ಬಗೆ, ಇವನ್ನು ಹೊಗಳಿಕೆಗಾಗಿಯೋ ಶಿಸ್ತಿಗಾಗಿಯೋ ಗುರುತಿಸುತ್ತ ಬಂದ ಆ ಪುಸ್ತಕಗಳಿಲ್ಲದಿದ್ದರೆ ಡುಬ್ಬದ ಮೀನು ಹೋದದ್ದು ಯಾರಿಗೂ ಇಷ್ಟು ಖಚಿತವಾಗಿ ತಿಳಿಯುತ್ತಿರಲಿಲ್ಲ. ಅಭಯಾರಣ್ಯದಲ್ಲಿ ಗಾಳವೂ ಬೇಟೆಯೇ ಎಂಬ ವ್ಯಾಖ್ಯಾನ ಬಲಗೊಂಡು, ಕಾವೇರಿ ವನ್ಯಧಾಮದೊಳಗಿನ ಆ ವಿನೋದವು 2012ರ ವೇಳೆಗೆ ನಿಂತುಹೋಯಿತು. ಕಾಯಿದೆಯ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಮೀನಿಗೊಂದು ನೋವೂ ಕಡಮೆಯಾಯಿತು. ಆದರೆ ಲೆಕ್ಕವೂ ನಿಂತಿತು. ನೋಯಿಸದ ಅಜ್ಞಾನ, ನೋಯಿಸಿ ಪಡೆದ ಜ್ಞಾನ, ಇವೆರಡರಲ್ಲಿ ಒಂದನ್ನು ಆರಿಸೆಂದರೆ ಒಬ್ಬ ಶ್ರಾವಕನ ಉತ್ತರ ಒಂದಾದೀತು, ವಿಜ್ಞಾನಿಯದು ಇನ್ನೊಂದು. ಆ ಹರಿವಿಗೆ ತೋಟೆಯವನು ಇನ್ನೂ ಬರುತ್ತಿರುವವರೆಗೆ ನಾನು ವಿಜ್ಞಾನಿಯ ಪಕ್ಷ.

ಈಗ ಡುಬ್ಬದ ಮೀನು ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರಿನಂಥ ಕೆಲವೇ ಎಡೆಗಳಲ್ಲಿ ಉಳಿದಿದೆ. ಅವುಗಳಲ್ಲಿ ಕೆಲವನ್ನು ಹಿಡಿದುತಂದು ಕೊಳದಲ್ಲಿ ಮರಿಮಾಡಿಸಬೇಕೆಂಬ ಹಂಬಲ ಪ್ರಾಮಾಣಿಕರಿಗೂ ಹುಟ್ಟುವುದು ಸಹಜ. ಇದ್ದ ಹತ್ತರಲ್ಲಿ ನಾಲ್ಕನ್ನು ಎತ್ತಿಕೊಂಡು ನಾನೂರು ಮಾಡುವೆನೆಂಬ ಸಾಹಸದಲ್ಲಿ ಹತ್ತೂ ಹೋದರೆ ಹೇಳುವವರಾರು? ಮೋಯಾರಿನ ಮಡುಗಳಿಗೆ ತೋಟೆ, ವಿಷ ತಲಪದಂತೆಯೂ, ಬೇಸಗೆಯಲ್ಲಿ ನೀರು ಕಡಿಯದಂತೆಯೂ, ಬೇರೆ ಜಲಾನಯನದ ಒಂದು ಮರಿಯೂ ಅಲ್ಲಿಗೆ ಸೇರದಂತೆಯೂ ಮೊದಲು ಏರ್ಪಡಿಸಿ, ಆ ಬಳಿಕವೂ ಅವು ತಾವಾಗಿ ಹೆಚ್ಚದಿದ್ದರೆ ಮಾತ್ರ ತಾಯಿಮೀನಿಗೆ ಕೈಹಾಕಬಹುದೆಂದು ನನ್ನ ಅಭಿಪ್ರಾಯ. ಸಂಘಗಳಿಗೆ ಇದು ರುಚಿಸುವುದು ಕಷ್ಟ. ಮರಿ ಬಿಡುವ ದಿನ ಮಂತ್ರಿಗಳು ಬರುತ್ತಾರೆ, ಹಾರ ಹಾಕುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮರಿ ಬಿಡದೆ ಇರುವುದಕ್ಕೆ ಸಮಾರಂಭವಿಲ್ಲ. ಹಾಗಿದ್ದರೂ ಪುಣೆಯ ಹೊಳೆಗಳಲ್ಲಿ ನೀಲಿರೆಕ್ಕೆಯ ಮರಿಗಳನ್ನು ಬಿಡಲು ಅಡ್ಡಿಯಿಲ್ಲ. ಅಲ್ಲಿ ಅವು ಮನೆಮಕ್ಕಳು.