ಬೇಡ ಅನ್ನೋಕಾಗದವನ ‘ಹೂಂ’

ನಮ್ಮ ಟೀಮಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಸೋಮವಾರ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ಸಿಕ್ಕರೆ, ಶನಿವಾರ ಭಾನುವಾರ ನೋಡಿದ್ದನ್ನೆಲ್ಲ ಒಪ್ಪಿಸದೆ ಬಿಡೋದಿಲ್ಲ. ಕೊರಿಯಾ ಮುಗಿಸಿ ಈಗ ಥಾಯ್ಲೆಂಡಿಗೆ ಬಂದಿದ್ದಾಳೆ. “ಕಿನ್‌ಪೋರ್ಶ್ ನೋಡಿ. ಮಾಫಿಯಾ ಕತೆ. ಆದ್ರೆ ಹೀರೋನೂ ಗಂಡಸು, ಹೀರೋಯಿನ್ನೂ ಗಂಡಸು” ಅಂದಳು. ಆಮೇಲೆ ತಾನೇ ತಿದ್ದಿಕೊಂಡಳು: “ಅಲ್ಲ, ಹೀರೋಯಿನ್ ಅನ್ನೋದೇ ತಪ್ಪು. ಇಬ್ಬರೂ ಹೀರೋಗಳೇ.” ಆ ತಿದ್ದುಪಡಿ ಎಷ್ಟು ಮುಖ್ಯದ್ದು ಅಂತ ನನಗೆ ಗೊತ್ತಾಗಿದ್ದು ನಾಲ್ಕನೇ ಕಂತು ನೋಡಿದ ಮೇಲೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಕೊನೆಯನ್ನೂ ಹೇಳಿಬಿಡ್ತೀನಿ, ನೋಡದವರು ಕ್ಷಮಿಸಬೇಕು. 2022ರ ಏಪ್ರಿಲ್‌ನಿಂದ ಜುಲೈವರೆಗೆ 14 ಕಂತುಗಳಲ್ಲಿ ಬಂದ ಸರಣಿ ಇದು. ಒಂದು ವೆಬ್ ಕಾದಂಬರಿ ಇದರ ಮೂಲ. ಕಿನ್ ದೊಡ್ಡ ಮಾಫಿಯಾ ಮನೆತನದ ಉತ್ತರಾಧಿಕಾರಿ. ಪೋರ್ಶ್ ಬಾರಿನಲ್ಲಿ ಕೆಲಸ ಮಾಡುವ ಹುಡುಗ, ಒಳ್ಳೆ ಫೈಟರ್, ತಮ್ಮನನ್ನು ಓದಿಸುತ್ತಿದ್ದಾನೆ. ಒಂದು ರಾತ್ರಿ ಕಿನ್‌ನನ್ನು ಅಟ್ಟಿಸಿಕೊಂಡು ಬಂದವರಿಂದ ಅವನನ್ನು ಉಳಿಸುತ್ತಾನೆ. ನನ್ನ ಬಾಡಿಗಾರ್ಡ್ ಆಗು ಅಂತಾನೆ ಕಿನ್. ಪೋರ್ಶ್ ಬೇಡ ಅಂತಾನೆ. ಆದರೆ ಚಿಕ್ಕಪ್ಪ ಮಾಡಿದ ಸಾಲ ಇದೆ, ಮನೆ ಕೈಬಿಟ್ಟು ಹೋಗುವ ಭಯ ಇದೆ, ತಮ್ಮನ ಓದು ಇದೆ. ಕೊನೆಗೆ ಸಹಿ ಹಾಕುತ್ತಾನೆ. ಇದು ಕತೆಯ ಮೊದಲ ‘ಹೂಂ’.

ನಾಲ್ಕನೇ ಕಂತಿನಲ್ಲಿ ಪೋರ್ಶ್ ಕುಡಿದದ್ದರಲ್ಲಿ ಯಾರೋ ಏನೋ ಬೆರೆಸಿರುತ್ತಾರೆ. ಅವನ ಮೈಮೇಲೆ ಅವನಿಗೇ ಹತೋಟಿ ಇಲ್ಲ. ಆ ರಾತ್ರಿ ಕಿನ್ ಅವನೊಂದಿಗೆ ಮಲಗುತ್ತಾನೆ. ಅದನ್ನು ಪ್ರಣಯದ ದೃಶ್ಯದ ಹಾಗೇ ತೆಗೆದಿದ್ದಾರೆ. ಮುಂದಿನ ಕಂತಿನಲ್ಲಿ ಪೋರ್ಶ್‌ಗೆ ಸಿಟ್ಟು, ಅವಮಾನ, ಗೊಂದಲ ಎಲ್ಲ ಆಗುತ್ತೆ, ಅದನ್ನೂ ತೋರಿಸಿದ್ದಾರೆ. ಈ ದೃಶ್ಯದ ಬಗ್ಗೆ ಅಭಿಮಾನಿಗಳ ನಡುವೆಯೇ ಬೇಕಾದಷ್ಟು ಜಗಳ ಆಯಿತು.

ನಾನು ಅಲ್ಲಿ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ಇದು ತಪ್ಪು ಅಂತ ಸೀದಾ ಅನಿಸಿತ್ತು, ಯೋಚನೆ ಮಾಡಬೇಕಾಗಿಯೇ ಬರಲಿಲ್ಲ. ಅಷ್ಟರಲ್ಲೇ ಇನ್ನೊಂದು ಪ್ರಶ್ನೆ ಬಂತು. ಇದೇ ನಾನು, ಭಾನುವಾರ ಸಂಜೆ ಊರಲ್ಲಿ ಟೀವಿ ಇದ್ದ ಮನೆಯ ಜಗುಲಿಯಲ್ಲಿ ಕೂತು ಎಷ್ಟು ಸಿನಿಮಾ ನೋಡಿಲ್ಲ? ಹೀರೋ ಹುಡುಗಿಯ ಹಿಂದೆ ಬೀಳ್ತಾನೆ, ದಾರಿಗೆ ಅಡ್ಡ ನಿಲ್ತಾನೆ, ಕೆನ್ನೆಗೆ ಹೊಡೀತಾನೆ, ಮುಂದಿನ ಹಾಡಿನಲ್ಲಿ ಅವಳು ಅವನ ಎದೆಗೆ ಒರಗಿರ್ತಾಳೆ. ನಾವು ಶಿಳ್ಳೆ ಹೊಡೆದಿದ್ವಿ. ಆವತ್ತು ಕಾಣದೇ ಇದ್ದದ್ದು ಇವತ್ತು ಹೇಗೆ ಕಂಡಿತು?

ನಾನು ಸುಧಾರಿಸಿದ್ದೇನೆ ಅಂತ ಹೇಳಿಕೊಂಡರೆ ಸುಳ್ಳಾದೀತು. ಕಂಡಿದ್ದು ಇಬ್ಬರೂ ಗಂಡಸರಾಗಿದ್ದಕ್ಕೆ. ಒಬ್ಬಳು ಹೆಂಗಸಾಗಿದ್ದರೆ ನಮ್ಮ ಹತ್ತಿರ ಉತ್ತರಗಳು ರೆಡಿ ಇರ್ತವೆ. ‘ಗಂಡು ಅಂದ್ರೆ ಹಂಗೇ’, ‘ಹುಡುಗಿ ನಾಚಿಕೆಗೆ ಬೇಡ ಅಂತಾಳೆ’, ‘ಮದುವೆ ಆದ್ಮೇಲೆ ಸರಿ ಹೋಗುತ್ತೆ’. ಇಲ್ಲಿ ಆ ಹೊದಿಕೆ ಸಿಗೋದಿಲ್ಲ. ತೋಳಿನ ಬಲದಲ್ಲಿ ಪೋರ್ಶ್ ಕಿನ್‌ಗಿಂತ ಒಂದು ಕೈ ಮೇಲೇ. ಗಂಡು ಹೆಣ್ಣು ಅನ್ನೋದನ್ನ ತೆಗೆದುಹಾಕಿದ ಮೇಲೆ ಉಳಿಯೋದು ದುಡ್ಡು, ಬಂದೂಕು, ಸಾಲ, ಸಂಬಳ. ಬಲಾತ್ಕಾರ ಯಾವಾಗಲೂ ನಿಂತಿದ್ದು ಇದರ ಮೇಲೇ. ನಾವು ಅದಕ್ಕೆ ಸೀರೆ ಉಡಿಸಿ ‘ಪ್ರಕೃತಿ’ ಅಂತ ಕರೀತಿದ್ವಿ.

ಈ ಮಾತನ್ನು ಕಾಫಿ ಮೆಷಿನ್ ಹತ್ತಿರ ಹೇಳಿದಾಗ ನಮ್ಮ ಹುಡುಗಿ ಎರಡು ತಕರಾರು ತೆಗೆದಳು. ಮೊದಲನೆಯದು: “ಇಂಥವರ ಪ್ರೀತಿಯ ಕತೆ ಬರೋದೇ ಅಪರೂಪ. ಅದರಲ್ಲೂ ನೀವು ತಪ್ಪು ಹುಡುಕಿದ್ರೆ, ನೋಡಿ ಇವರು ಇಷ್ಟೇ ಅಂತಾರೆ ಜನ.” ಅವಳ ಭಯ ನಿಜವೇ. ಸರಣಿ ಬಂದಾಗ ಥಾಯ್ಲೆಂಡಿನಲ್ಲಿ ಇಬ್ಬರು ಗಂಡಸರು ಮದುವೆ ಆಗೋ ಹಾಗಿರಲಿಲ್ಲ. ಅಲ್ಲಿ ಸಮಾನ ಮದುವೆಯ ಕಾನೂನು ಜಾರಿಗೆ ಬಂದಿದ್ದು 2025ರ ಜನವರಿ 23ಕ್ಕೆ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಅಂದಿತು, ಮದುವೆಯ ಹಕ್ಕನ್ನು 2023ರ ಅಕ್ಟೋಬರಿನಲ್ಲಿ ಕೊಡಲಿಲ್ಲ. ಆದರೆ ಸಮಾನ ಅಂದರೆ ಒಂದೇ ತಕ್ಕಡಿ ಅಂತ ತಾನೆ? ಕಿನ್ ಗಂಡಸನ್ನು ಪ್ರೀತಿಸಿದ ಅಂತ ಅವನ ಮೇಲೆ ಅಸಹ್ಯ ಪಡೋದೂ ತಪ್ಪು, ಅದೇ ಕಾರಣಕ್ಕೆ ಅವನಿಗೆ ರಿಯಾಯ್ತಿ ಕೊಡೋದೂ ತಪ್ಪು. ಕೋರ್ಟಿನ ಆ ಮಾತಿನಲ್ಲೂ ಎಲ್ಲ ಭಾರ ಬಿದ್ದಿರೋದು ‘ಒಪ್ಪಿ’ ಅನ್ನೋ ಪದದ ಮೇಲೆ.

ಎರಡನೇ ತಕರಾರು ಗಟ್ಟಿಯದು. “ಆಮೇಲೆ ಅವರಿಬ್ಬರೂ ನಿಜವಾಗ್ಲೂ ಪ್ರೀತಿಸ್ತಾರಲ್ಲ?” ಹೌದು, ಪ್ರೀತಿಸ್ತಾರೆ. ಒಂದೇ ಬೇಡಿಯಲ್ಲಿ ಇಬ್ಬರ ಕೈಯೂ ಸಿಕ್ಕಿಕೊಂಡು ಕಾಡಿನಲ್ಲಿ ಅಲೆಯುವ ಭಾಗ ಇದೆ. ಅಲ್ಲಿ ಧಣಿಯ ದುಡ್ಡು ನಡೆಯೋದಿಲ್ಲ. ಮೊದಲ ಸಲ ಇಬ್ಬರೂ ಒಂದೇ ಎತ್ತರದಲ್ಲಿ ನಿಂತು ಮಾತಾಡ್ತಾರೆ ಅನಿಸುತ್ತೆ. ಕೊನೆಯ ಕಂತಿನಲ್ಲಿ ಪೋರ್ಶ್‌ನನ್ನು ಆ ಮನೆತನದ ಇನ್ನೊಂದು ಕವಲಿಗೆ ಯಜಮಾನನನ್ನಾಗಿ ಕೂರಿಸುತ್ತಾರೆ. ಧಣಿ ಮತ್ತು ಆಳಾಗಿಯೇ ಉಳಿದರೆ ಈ ಪ್ರೀತಿ ಪೂರ್ತಿಯಾಗಲ್ಲ ಅಂತ ಕತೆಗೇ ಗೊತ್ತಿದೆ. ಆದರೆ ಆ ಕುರ್ಚಿಯನ್ನು ದಯಪಾಲಿಸಿದ್ದೂ ಕಿನ್‌ನ ಅಪ್ಪನೇ.

ವೇಗಸ್ ಮತ್ತು ಪೀಟ್ ಜೋಡಿ ಇನ್ನೂ ಕಷ್ಟದ್ದು. ಗೂಢಚಾರಿಕೆ ಮಾಡಲು ಬಂದ ಪೀಟ್‌ನನ್ನು ವೇಗಸ್ ಸರಪಳಿಯಲ್ಲಿ ಕಟ್ಟಿ ಹಿಂಸಿಸುತ್ತಾನೆ. ಆಮೇಲೆ ಸರಪಳಿ ಇಲ್ಲದಿದ್ದರೂ ಪೀಟ್ ಅವನ ಹತ್ತಿರ ಬರುತ್ತಾನೆ. ವೇಗಸ್‌ಗೆ ಅಪ್ಪನಿಂದ ಏಟು, ತಿರಸ್ಕಾರ ಬಿಟ್ಟು ಇನ್ನೇನೂ ಸಿಕ್ಕಿಲ್ಲ. ಅವನು ಸಾಕಿದ ಮುಳ್ಳುಹಂದಿಯಂಥ ಪುಟ್ಟ ಪ್ರಾಣಿ ಸತ್ತಾಗ ನನ್ನ ಕಣ್ಣೂ ಒದ್ದೆ ಆಯ್ತು, ಮುಚ್ಚಿಡೋದಿಲ್ಲ. ಆದರೆ ಒಬ್ಬ ಯಾಕೆ ಹೀಗಾದ ಅಂತ ಅರ್ಥವಾಗೋದು ಬೇರೆ, ಅವನು ಮಾಡಿದ್ದು ಮಾಫಿ ಆಗೋದು ಬೇರೆ. ಮಾಫಿ ಮಾಡುವ ಹಕ್ಕಿದ್ದರೆ ಅದು ಪೀಟ್‌ಗೆ, ಸೋಫಾ ಮೇಲೆ ಕೂತ ನನಗಲ್ಲ.

‘ಮುಂದೆ ಚೆನ್ನಾಗಾಯ್ತಲ್ಲ’ ಅನ್ನೋ ಮಾತು ನನ್ನನ್ನು ಯಾಕೆ ಇಷ್ಟು ಚುಚ್ಚಿತು ಅಂದ್ರೆ, ಅದು ನಮ್ಮ ಮನೆಯ ಮಾತು.

2007. ನಾನು ಸೆಕೆಂಡ್ ಪಿಯು ಮುಗಿಸಿ ಸಿಇಟಿ ಬರೆದಿದ್ದೆ. ತಿಪಟೂರಿನ ಹತ್ತಿರದ ನಮ್ಮೂರಿಗೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದು ಹೋದ ಮಾರನೇ ದಿನ ಅಪ್ಪ, “ನಿಮ್ಮಕ್ಕನ್ನ ಒಂದ್ ಮಾತು ಕೇಳ್ಕಂಡ್ ಬಾರ್ಲಾ” ಅಂದರು. ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೀತಿದ್ದಳು. ಅವಳಿಗೆ ಹತ್ತೊಂಬತ್ತು. ಕೇಳಿದೆ. ಅವಳು ತಲೆ ಎತ್ತದೆ, “ಬೇಡ ಅಂದ್ರೆ ಏನಾಗುತ್ತೆ?” ಅಂದಳು. ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಅವಳ ಮದುವೆಯ ಖರ್ಚು ಮುಗಿದರೆ ನನ್ನ ಬಿಇ ಫೀಸಿಗೆ ದಾರಿ ನೋಡಬಹುದು ಅಂತ ಅಪ್ಪ ಅವ್ವ ರಾತ್ರಿ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದೆ. ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ, “ಹೂಂ ಅಂದ್ಲು ಅನ್ನು, ಹೋಗು” ಅಂದಳು. ನಾನು ನಡುಮನೆಗೆ ಹೋಗಿ, “ಹೂಂ ಅಂದ್ಲು” ಅಂತ ಜೋರಾಗಿ ಹೇಳಿದೆ.

ಸರಣಿ ಮುಗಿಸಿದ ವಾರ ಅಕ್ಕನಿಗೆ ಫೋನ್ ಮಾಡಿದೆ. ಭಾವ ಒಳ್ಳೆಯವರು, ಇಬ್ಬರು ಮಕ್ಕಳು, ಸಂಸಾರ ಚೆನ್ನಾಗಿದೆ. “ಅವತ್ತು ನಿಂಗೆ ಇಷ್ಟ ಇತ್ತಾ ಅಕ್ಕ?” ಅಂದೆ. ನಕ್ಕಳು. “ಇಷ್ಟು ವರ್ಷ ಆದ್ಮೇಲೆ ಕೇಳ್ತಿದೀಯಲ್ಲೋ. ಅವತ್ತು ಕೇಳಿದೋನೂ ನೀನೊಬ್ನೇ ಕಣೋ. ಆದ್ರೆ ಉತ್ತರ ಬೇಕು ಅಂತ ಕೇಳಿರ್ಲಿಲ್ಲ.”

ಅವಳು ಸುಖವಾಗಿದ್ದಾಳೆ ಅನ್ನೋದು ನಿಜ. ಅವತ್ತು ಅವಳನ್ನು ಯಾರೂ ನಿಜವಾಗಿ ಕೇಳಲಿಲ್ಲ ಅನ್ನೋದೂ ನಿಜ. ಒಂದು ಇನ್ನೊಂದನ್ನು ಅಳಿಸೋದಿಲ್ಲ. ಕಿನ್ ಮತ್ತು ಪೋರ್ಶ್ ನಡುವೆ ಆಮೇಲೆ ಹುಟ್ಟಿದ ಪ್ರೀತಿ ಎಷ್ಟೇ ದೊಡ್ಡದಾಗಿರಲಿ, ಆ ರಾತ್ರಿಗೆ ಅದು ಹಿಂದಿನ ತಾರೀಕು ಹಾಕಿದ ರಸೀದಿ ಆಗಲಾರದು.

ಹಾಗಾದರೆ ಸಮಾನರಲ್ಲದವರ ನಡುವೆ ಒಪ್ಪಿಗೆಯೇ ಇಲ್ಲವೆ? ಹಾಗೆ ಹೇಳಿದರೆ ಈ ಲೋಕದಲ್ಲಿ ಯಾರೂ ಯಾವುದಕ್ಕೂ ಹೂಂ ಅನ್ನೋ ಹಾಗಿಲ್ಲ. ಇಎಂಐ ಕಟ್ಟುವ ನಾನು ಮ್ಯಾನೇಜರಿಗೆ ಹೇಳುವ ‘ಓಕೆ’ ಎಷ್ಟು ಸ್ವತಂತ್ರ? ನನಗೆ ಸಿಕ್ಕ ಅಳತೆಗೋಲು ಇಷ್ಟೆ: ಒಂದು ‘ಹೂಂ’ ಎಷ್ಟು ನಿಜ ಅಂತ ತಿಳೀಬೇಕಾದರೆ, ‘ಬೇಡ’ ಅಂದಿದ್ದರೆ ಎಷ್ಟು ದಂಡ ತೆರಬೇಕಿತ್ತು ಅಂತ ನೋಡಬೇಕು. ಬಲ ಇದ್ದವನ ಪ್ರೀತಿಯ ಮೊದಲ ಕೆಲಸ ಆ ದಂಡವನ್ನು ಇಳಿಸೋದು. ಹೂವು, ಹಾಡು, ಮುತ್ತು ಎಲ್ಲ ಆಮೇಲೆ.

ಹೋದ ತಿಂಗಳು ಒಂದು ಶನಿವಾರ ರಿಲೀಸ್ ಇತ್ತು. ನಾನೀಗ ಲೀಡ್. ಮಾಮೂಲಿನಂತೆ “ಎಲ್ರಿಗೂ ಓಕೆ ತಾನೆ?” ಅಂತ ಕೇಳಲಿಲ್ಲ. “ಆಗಲ್ಲ ಅಂದ್ರೆ ಏನೂ ತೊಂದ್ರೆ ಇಲ್ಲ, ರೇಟಿಂಗಿಗೂ ಇದಕ್ಕೂ ಸಂಬಂಧ ಇಲ್ಲ” ಅಂತ ಮೊದಲು ಹೇಳಿ ಆಮೇಲೆ ಕೇಳಿದೆ. ಐವರಲ್ಲಿ ಮೂವರು ಆಗಲ್ಲ ಅಂದರು. ಥಾಯ್ ಸರಣಿಯ ಹುಡುಗಿಯೂ ಅಂದಳು. ಆ ಶನಿವಾರ ರಾತ್ರಿ ಹನ್ನೊಂದರವರೆಗೆ ನಾನು ಕೂತಿದ್ದೆ.